ಅಡುಗೆಮನೆಯ ಕಪಾಟಿಗೆ ಪ್ಲೈವುಡ್ ಆರಿಸುವ ಬಗೆ

ಸಿಂಕಿನ ಕೆಳಗಿನ ಕಪಾಟಿಗೆ ಪಾರ್ಟಿಕಲ್ ಬೋರ್ಡನ್ನಾಗಲಿ (ಮರದ ಚೂರುಗಳನ್ನು ಅಂಟು ಬೆರೆಸಿ ಒತ್ತಿದ ಹಲಗೆ) ಸಾಮಾನ್ಯ ಎಂಡಿಎಫ್ ಅನ್ನಾಗಲಿ (ಮರದ ನಾರನ್ನು ಹಾಗೆಯೇ ಒತ್ತಿದ ಹಲಗೆ) ಬಳಸಬೇಡಿ. ಅಂಚಿನಿಂದ ನೀರು ಹೀರಿ ಒಮ್ಮೆ ಉಬ್ಬಿದ ಹಲಗೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಅಲ್ಲಿಗೆ ಐಎಸ್ 710 ಎಂಬ ಭಾರತೀಯ ಮಾನದಂಡದ ಗುರುತಿರುವ 18 ಮಿ.ಮೀ. ಮರೈನ್ ಪ್ಲೈವುಡ್ ಸೂಕ್ತ, ಏಕೆಂದರೆ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನಿಂದ ಬೆಸೆದ ಅದರ ಪದರಗಳು ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಬಿಟ್ಟುಕೊಳ್ಳಬಾರದೆಂಬುದು ಆ ಮಾನದಂಡದ ಷರತ್ತು. ಕೊಳ್ಳುವಾಗ ಮುದ್ರೆಯನ್ನಷ್ಟೇ ನಂಬದೆ ಹಲಗೆಯ ಅಂಚನ್ನು ಬೆಳಕಿನಲ್ಲಿ ಪರೀಕ್ಷಿಸಿ: ಪದರಗಳ ನಡುವೆ ಸಂದು ಕಂಡರೆ, ಅಥವಾ ಬೆರಳಿನಿಂದ ತಟ್ಟಿದಾಗ ಒಂದೆಡೆ ಟೊಳ್ಳು ಸದ್ದು ಬಂದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡವೆನ್ನಿ. ಕತ್ತರಿಸಿದ ಅಂಚುಗಳನ್ನೆಲ್ಲ ಎಡ್ಜ್ ಬ್ಯಾಂಡಿನಿಂದ (ಅಂಚಿಗೆ ಅಂಟಿಸುವ ತೆಳು ಪಟ್ಟಿ) ಮುಚ್ಚಿಸಿ, ಪೈಪಿಗಾಗಿ ಕೊರೆದ ರಂಧ್ರದ ಒಳಬದಿಗೂ ಬಣ್ಣ ಹಚ್ಚಿಸಿ. ಅವಸರದ ಕೆಲಸದಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇದೇ. ಮಲಗುವ ಕೋಣೆಯ ಕಪಾಟಿನ ಬಾಗಿಲಿಗಾದರೆ, ನಯವಾಗಿ ಬಣ್ಣ ಹಿಡಿಯುವ ಎಂಡಿಎಫ್ ಧಾರಾಳವಾಗಿ ಸಾಕು.