ಎರಡನೇ ಸಲ ಸ್ಪಾನ್ಸರ್ ಮಾಡಿದ್ದು

ಡೈವೋರ್ಸ್ ಆಯ್ತಲ್ಲ, ಇನ್ನೇನು, ಹೊಸ ಹೆಂಡತಿಯನ್ನು ಕೆನಡಾಕ್ಕೆ ಕರೆಸಿಕೊಳ್ಳೋಕೆ, ಅಂದ್ರೆ ಸ್ಪಾನ್ಸರ್ ಮಾಡೋಕೆ, ಅರ್ಜಿ ಹಾಕಿಬಿಡೋಣ ಅಂದುಕೊಂಡಿದ್ದೆ. ವಿಚಾರಿಸಿದ ಏಜೆಂಟ್ ಕೂಡ ಧಾರಾಳವಾಗಿ ಹಾಕಿ ಅಂದರು. ಇಬ್ಬರದೂ ತಪ್ಪು ಲೆಕ್ಕ.

ನಾನು ಶಿರಸಿಯವನು, ಕೆನಡಾದಲ್ಲಿ ಪಿಆರ್, ಅಂದ್ರೆ ಅಲ್ಲಿ ಕಾಯಂ ಆಗಿ ಇರಲು ಅನುಮತಿ ಇರುವವನು. ಮೊದಲ ಹೆಂಡತಿಯನ್ನು ಕರೆಸಿಕೊಳ್ಳುವಾಗ ಮೂರು ವರ್ಷ ಅವಳ ಖರ್ಚಿಗೆ ನಾನೇ ಹೊಣೆ ಅಂತ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಟ್ಟಿದ್ದೆ. ಮದುವೆ ಮುರಿದರೂ ಅದು ಮುರಿಯುವುದಿಲ್ಲ. ಆ ಅವಧಿಯಲ್ಲಿ ಅವಳು ಅಲ್ಲಿನ ಸೋಶಿಯಲ್ ಅಸಿಸ್ಟೆನ್ಸ್ (ಖರ್ಚಿಗಿಲ್ಲದವರಿಗೆ ಸರ್ಕಾರ ಕೊಡುವ ದುಡ್ಡು) ತಗೊಂಡಿದ್ದರೆ ಆ ದುಡ್ಡು ನನ್ನ ತಲೆಗೇ. ಅವಧಿ ಮುಗಿಯುವ ತನಕ ಇನ್ನೊಬ್ಬಳನ್ನು ಸ್ಪಾನ್ಸರ್ ಮಾಡುವಂತಿಲ್ಲ. ಲೆಕ್ಕ ಶುರುವಾಗುವುದು ಮದುವೆ ದಿನದಿಂದಲ್ಲ, ಡೈವೋರ್ಸ್ ದಿನದಿಂದಲೂ ಅಲ್ಲ, ಅವಳು ಪಿಆರ್ ಆದ ದಿನದಿಂದ.

ಅದು ಯಾವ ದಿನ? 2019ರ ಆಗಸ್ಟ್ ಅಂತ ನೆನಪು, ತಾರೀಕು ಗೊತ್ತಿಲ್ಲ. ಕಾಗದ ಅವಳ ಹತ್ತಿರ. ಎರಡು ದಿನ ಹಿಂದೆಮುಂದೆ ನೋಡಿ ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ಫೋಟೋ ಬಂತು. ಬೇರೆ ಒಂದಕ್ಷರ ಇಲ್ಲ. ಆಗಸ್ಟ್ 17. ಎರಡನೇ ಮದುವೆ ಆಗಿದ್ದು 2022ರ ಮೇನಲ್ಲಿ, ಕುಮಟಾದಲ್ಲಿ. ಅಂದ್ರೆ ಇನ್ನೂ ಮೂರು ತಿಂಗಳು ಕಾಯಬೇಕು. ಪಿಆರ್ ಇರುವವರು ಕೆನಡಾದಲ್ಲೇ ಇದ್ದು ಸ್ಪಾನ್ಸರ್ ಮಾಡಬೇಕಾದ್ದರಿಂದ ಜೂನ್‌ನಲ್ಲಿ ವಾಪಸ್ ಹೊರಟೆ.

ಆ ಮೂರು ತಿಂಗಳು ಕಾಗದಕ್ಕೇ ಹೋಯ್ತು. ಪೊಲೀಸ್ ಸರ್ಟಿಫಿಕೇಟು, ಡೈವೋರ್ಸ್ ಸರ್ಟಿಫಿಕೇಟು ಎಲ್ಲ ಸಿಕ್ಕಿತು. ತಲೆಬಿಸಿ ಆಗಿದ್ದು ಫಾರ್ಮಿನ ಒಂದು ಪ್ರಶ್ನೆಗೆ: ಮದುವೆಗೆ ಎಷ್ಟು ಜನ ಬಂದಿದ್ದರು? ಮೊದಲನೇದಕ್ಕೆ ಶಿರಸಿಯಲ್ಲಿ ಎಂಟುನೂರು ಎಲೆ. ಈ ಸಲ ಅವಳ ಮನೆ ಜಗಲಿಯಲ್ಲಿ ಇಪ್ಪತ್ತೆರಡು ಜನ. ಲಗ್ನಪತ್ರಿಕೆಯನ್ನೂ ಹೊಡೆಸಿರಲಿಲ್ಲ. 'ಎರಡನೇದಕ್ಕೆ ಊರು ಕರೀತಾರಾ?' ಅಂದಿದ್ದರು ಅಮ್ಮ. ನಮ್ಮೂರಲ್ಲಿ ಇದಕ್ಕೆ ವಿವರಣೆ ಬೇಡ, ಆದರೆ ಮದುವೆ ನಿಜವಾದದ್ದೇ ಅಂತ ಕಡತ ನೋಡುವ ಅಧಿಕಾರಿಗೆ ಬೇಕಲ್ವಾ? ಮೊದಲ ಮದುವೆ ಯಾಕೆ ಮುರೀತು, ಇದು ಯಾಕೆ ಸಣ್ಣದಾಗಿ ಆಯ್ತು, ಎರಡನ್ನೂ ಒಂದೂವರೆ ಪುಟದಲ್ಲಿ ನೇರವಾಗಿ ಬರೆದೆ. ಹಳೇ ಮದುವೆ ವಿಷಯ ಎಷ್ಟು ಕಡಿಮೆ ಹೇಳಿದರೆ ಅಷ್ಟು ಒಳ್ಳೇದು ಅನ್ನುವವರಿದ್ದಾರೆ, ನನಗೆ ಅದು ಸರಿ ಕಾಣಲಿಲ್ಲ. ಇಮಿಗ್ರೇಶನ್‌ನವರ ಹತ್ತಿರ ನನ್ನ ಹಳೇ ಫೈಲ್ ಇದ್ದೇ ಇದೆ.

ಪುರಾವೆಗೆ ಅಂತ ನಮ್ಮಿಬ್ಬರ ವಾಟ್ಸ್ಯಾಪ್ ಮಾತುಕತೆಯನ್ನೂ ಇಂಗ್ಲಿಷಿಗೆ ಮಾಡಿಸಬೇಕಾಯ್ತು. ಮನೆಯವರು ಮಾಡುವಂತಿಲ್ಲ, ಹಾಗಾಗಿ ಹುಬ್ಬಳ್ಳಿ ಕಡೆಯ ಅನುವಾದಕರಿಗೆ ಕೊಟ್ಟೆ. ನಾವು ಮಾತಾಡುವುದು ಹವ್ಯಕ ಕನ್ನಡ. 'ಎಲ್ಲಿದ್ದೆ?' ಅಂದ್ರೆ ನಮಗೆ 'ಈಗ ಎಲ್ಲಿದ್ದೀಯ?' ಅಂತ. ಅವರು ಪ್ರತಿ ಸಲವೂ ಅದನ್ನು 'ಇಷ್ಟು ಹೊತ್ತು ಎಲ್ಲಿ ಇದ್ದೆ?' ಅನ್ನೋ ಅರ್ಥಕ್ಕೆ ತಿರುಗಿಸಿದ್ದರು. ಓದಿದರೆ ದಿನಾ ಹೆಂಡತಿಯ ಮೇಲೆ ಅನುಮಾನಪಡುವ ಗಂಡ! ಕೂತು ಹನ್ನೊಂದು ಪುಟ ತಿದ್ದಿಸಿದೆ.

ಆಗಸ್ಟ್ 17 ದಾಟಿ ಮತ್ತೂ ಮೂರು ದಿನ ಬಿಟ್ಟು ಅರ್ಜಿ ಹಾಕಿದೆ. ಮರು ವರ್ಷ ಮಳೆಗಾಲದಲ್ಲಿ ವೀಸಾಕ್ಕೆ ಪಾಸ್‌ಪೋರ್ಟ್ ಕಳಿಸಿ ಅಂತ ಪತ್ರ ಬಂತು. ಅವಳು ಇಲ್ಲಿ ಇಳಿದ ದಿನವೇ, ಪಿಆರ್ ಆದ ತಾರೀಕು ಇರುವ ಲ್ಯಾಂಡಿಂಗ್ ಕಾಗದದ ಫೋಟೋ ತೆಗೆದಿಟ್ಟೆ. 'ಯಾಕೆ?' ಅಂದಳು. ಹೇಳಿದೆ. ಕಾರು ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದಳು.