ಎರೆ ಮಣ್ಣಿನ ಪಿಚ್ ಮತ್ತು ಐದು ಚಳಿಗಾಲ: ನನ್ನ ಅನುಭವ

ಕಳೆದ ಜನವರಿಯಲ್ಲಿ ನಮ್ಮ ಕ್ರಿಕೆಟ್ ಮೈದಾನದ ನಡುವಿನ ಎರೆ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಪಿಚ್ ಮೇಲೆ ಹನ್ನೊಂದು ದಿನಗಳಲ್ಲಿ ಏಳು ಪಂದ್ಯಗಳು ನಡೆದವು. ಏಳನೆಯದು ಮುಗಿದ ಸಂಜೆ ಎಲ್ಲರೆದುರು ಜೇಬಿನಿಂದ ಬಾಲ್ ಪೆನ್ ತೆಗೆದು ಬಿರುಕಿನೊಳಗೆ ತೂರಿಸಲು ಹೋದೆ. ಹೋಗಲಿಲ್ಲ. ಬರಿಯ ರಿಫಿಲ್ ಹೋಯಿತು, ಅದೂ ಅರ್ಧ ಇಂಚು. ನಾಲ್ಕು ವರ್ಷಗಳ ಹಿಂದೆ ಇದೇ ಪಿಚ್ ಇಂಥದೇ ಪೆನ್ನನ್ನು ಕ್ಯಾಪ್ ಸಮೇತ ನುಂಗಿತ್ತು. ಆಗ ಕಾರ್ಯದರ್ಶಿ ಸಾಹೇಬರು, "ಸಾಕಪ್ಪಾ, ಸಿಮೆಂಟ್ ಹಾಕಿ ಮೇಲೆ ಮ್ಯಾಟ್ ಹಾಸಿಬಿಡೋಣ" ಎಂದಿದ್ದರು. ಆ ಮಾತಿಗೆ ತಲೆಯಾಡಿಸಿದವರೆಲ್ಲ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಲ್ಲಿ ಜಂಬ ಕಂಡರೆ ಸಹಿಸಿಕೊಳ್ಳಿ.

ನಮ್ಮದು ಕಲಬುರಗಿಯ ಅಂಚಿನ ಮೈದಾನ. ಮೂರು ಪಿಚ್, ಒಂದು ಬೋರ್‌ವೆಲ್, ಸುಮಾರು ಒಂದು ಟನ್ನಿನ ಹಳೆಯ ರೋಲರ್, ಕಾಲು ಟನ್ನಿನದು ಇನ್ನೊಂದು, ಜೊತೆಗೆ ಪಿಚ್ ನೋಡಿಕೊಳ್ಳುವ ನಾನು. ಇಂಗ್ಲೆಂಡಿನ ಮೈದಾನದವರಿಗೆ ಚಳಿಗಾಲವೆಂದರೆ ಗೇಟಿಗೆ ಬೀಗ ಹಾಕಿ ರಿಪೇರಿ ಮಾಡಿಕೊಳ್ಳುವ ಕಾಲ. ನಮಗೆ ಅದೇ ಆಟದ ಕಾಲ. ಮಳೆ ನಿಲ್ಲುವುದೇ ತಡ, ಟೂರ್ನಮೆಂಟಿನ ಪಟ್ಟಿ ಬರುತ್ತದೆ. ಗರಿಕೆ ಬೆಳೆಯುವುದನ್ನು ನಿಲ್ಲಿಸುವುದೂ, ಒಣ ಗಾಳಿ ಏಳುವುದೂ, ಎರೆ ಮಣ್ಣು ಬಾಯಿಬಿಡುವುದೂ ಅದೇ ಹೊತ್ತಿಗೆ. ರಿಪೇರಿಗೂ ಆಟಕ್ಕೂ ಒಂದೇ ನವೆಂಬರ್.

ನನ್ನ ಗೋಳು ಶುರುವಾದದ್ದು 2020ರಲ್ಲಿ. ಆ ಮಾರ್ಚಿನಿಂದ ಲಾಕ್‌ಡೌನ್, ಮೈದಾನದಲ್ಲಿ ಮೊಣಕಾಲೆತ್ತರದ ಹುಲ್ಲು. ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ ಆ ದೊಡ್ಡ ಮಳೆ. ನಮ್ಮ ಪಿಚ್ ಒಂಬತ್ತೋ ಹತ್ತೋ ದಿನ ನೀರಿನಲ್ಲೇ ಕುಳಿತಿತ್ತು. ನೀರು ಇಳಿದ ಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ: ಹುಲ್ಲನ್ನು ಬುಡಮಟ್ಟ ಕತ್ತರಿಸಿದೆ, ಹಸಿ ಇರುವಾಗಲೇ ದೊಡ್ಡ ರೋಲರ್ ಎಳೆಸಿದೆ. ಮೇಲ್ಮೈ ಕನ್ನಡಿಯಂತಾಯಿತು. ಎಲ್ಲರೂ ಬೆನ್ನು ತಟ್ಟಿದರು. ಡಿಸೆಂಬರ್ ಮೊದಲ ವಾರ ಕನ್ನಡಿ ಒಡೆಯಿತು. ಬುಡ ಕಳೆದುಕೊಂಡ ಗರಿಕೆಯ ಬೇರಿಗೆ ಮಣ್ಣನ್ನು ಹಿಡಿದಿಡುವ ಶಕ್ತಿ ಇರಲಿಲ್ಲ. ಗಾಬರಿಯಲ್ಲಿ ಯೂರಿಯಾ ಎರಚಿದೆ. ಮಲಗಿದ ಹುಲ್ಲಿಗೆ ಯೂರಿಯಾ ಹಾಕುವುದೆಂದರೆ ನಿದ್ದೆಯಲ್ಲಿರುವವನ ಬಾಯಿಗೆ ತುತ್ತಿಟ್ಟಂತೆ. ಉಳಿದಿದ್ದ ಹಸಿರೂ ಅಲ್ಲಲ್ಲಿ ಸುಟ್ಟು ಹೋಯಿತು.

ಮರುವರ್ಷ ಯಾರೋ ಹೇಳಿದರೆಂದು ಬೀದರ್ ಕಡೆಯಿಂದ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿದೆ. ಬಾಡಿಗೆ ಸೇರಿ ಏಳು ಸಾವಿರದ ಆಸುಪಾಸು. ಕೆಂಪು ಮಣ್ಣು ಇಷ್ಟೊಂದು ಬಿರಿಯುವುದಿಲ್ಲ, ಅದಂತೂ ನಿಜ. ಆದರೆ ಕಪ್ಪಿನ ಮೇಲೆ ಅರ್ಧ ಇಂಚು ಕೆಂಪು ಹರಡಿದರೆ ಅವೆರಡು ಒಂದಾಗುವುದಿಲ್ಲ. ಕೆಳಗಿನದು ಹಿಗ್ಗಿ ಕುಗ್ಗುತ್ತಿರುತ್ತದೆ, ಮೇಲಿನದು ಸುಮ್ಮನಿರುತ್ತದೆ. ಮೂರನೆಯ ಪಂದ್ಯದಲ್ಲಿ ನಮ್ಮ ವೇಗದ ಬೌಲರ್ ಕಾಲೂರಿದ ಕಡೆ ಮಣ್ಣು ಹಪ್ಪಳದಂತೆ ಎದ್ದುಬಂತು. ಅದರ ಅಂಚಿಗೆ ಬಿದ್ದ ಚೆಂಡು ಎದುರಾಳಿ ಬ್ಯಾಟ್ಸ್‌ಮನ್‌ನ ಹೆಬ್ಬೆರಳಿಗೆ ಬಡಿಯಿತು. ಪಂದ್ಯ ನಿಂತಿತು. ಆ ಕೆಂಪು ಪದರವನ್ನು ಕೆರೆದು ತೆಗೆಯಲು ಮೂವರಿಗೆ ನಾಲ್ಕು ದಿನದ ಕೂಲಿ ಕೊಟ್ಟೆವು. ಮಣ್ಣು ತರಿಸಿದ್ದಕ್ಕಿಂತ ತೆಗೆಸಿದ್ದಕ್ಕೇ ಹೆಚ್ಚು ಖರ್ಚಾಯಿತು ಎಂದು ನೆನಪು.

ಅದೇ ವರ್ಷ ಅಭ್ಯಾಸದ ಪಿಚ್ ಮೇಲೆ ಸಗಣಿ ಸಾರಿಸಿಯೂ ನೋಡಿದೆ. ಅಂಗಳ ಬಿರಿಯದಿರುವಾಗ ಪಿಚ್ ಯಾಕೆ ಬಿರಿಯಬೇಕು ಎಂಬುದು ನನ್ನ ತರ್ಕ. ಎರಡು ದಿನ ಬಹಳ ಚೆಂದವಿತ್ತು. ಮೂರನೆಯ ದಿನ ಚೆಂಡು ಪುಟಿಯುವ ಬದಲು ಜಾರತೊಡಗಿತು, ಹತ್ತನೆಯ ದಿನ ಗೆದ್ದಲು ಹಿಡಿಯಿತು. ಹುಡುಗರು ಇಂದಿಗೂ ನನ್ನನ್ನು ಕಂಡರೆ, "ಕಾಕಾ, ಈ ಸಲ ರಂಗೋಲಿಯನ್ನೂ ಹಾಕುತ್ತೀರಾ?" ಎಂದು ಕೇಳುತ್ತಾರೆ.

ನಿಜವಾದ ಪಾಠ ಕಲಿಸಿದ್ದು 2022ರ ಸೋಲು. ಬಿರುಕು ಇದ್ದರೆ ತುಂಬಿದರಾಯಿತು ಎಂದು ಅದೇ ಜಾತಿಯ ಎರೆ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಬಿರುಕಿನ ಬಾಯಿವರೆಗೂ ಸುರಿದು, ಕಬ್ಬಿಣದ ಸರಳಿನಿಂದ ಜಡಿದು ಜಡಿದು ತುಂಬಿದೆ. ಒಂದು ವಾರದ ಕೆಲಸ, ಬೆನ್ನು ಬಿದ್ದುಹೋಗಿತ್ತು. ಆಮೇಲೆ ಟ್ಯಾಂಕರಿನಿಂದ ನೀರು ಬಿಟ್ಟೆ. ನಾಲ್ಕನೆಯ ಬೆಳಿಗ್ಗೆ ಬಂದು ನೋಡಿದರೆ ಪಿಚ್ ಒಂಟೆಯ ಬೆನ್ನಾಗಿತ್ತು. ಚೆಂಡು ಹೆಚ್ಚಾಗಿ ಪುಟಿಯುವ ಗುಡ್ ಲೆಂಗ್ತ್ ಜಾಗದಲ್ಲಿ ಎರಡು ಇಂಚಿನ ಉಬ್ಬು. ಈ ಕೆಲಸದಲ್ಲಿರುವವರಿಗೆ ಕಾರಣ ಹೇಳಬೇಕಾಗಿಲ್ಲ. ಎರೆ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ. ಹಿಗ್ಗಲು ಇದ್ದ ಜಾಗವನ್ನು ನಾನೇ ಜಡಿದು ಮುಚ್ಚಿದ್ದೆ. ಪಕ್ಕಕ್ಕೆ ಹೋಗಲಾಗದೆ ಅದು ಮೇಲಕ್ಕೆದ್ದಿತು. ಉಬ್ಬು ಇಳಿಸಲು ಒಬ್ಬ ಗುತ್ತಿಗೆದಾರರನ್ನು ಹಿಡಿದು ರಸ್ತೆ ಕೆಲಸದ ದೊಡ್ಡ ರೋಲರ್ ತರಿಸಿದೆವು. ಚಾಲಕ ಅಭ್ಯಾಸಬಲದಿಂದ ಕಂಪನದ ಗುಂಡಿ ಒತ್ತಿಬಿಟ್ಟ. ಕೆಳಗಿನ ಮೊರಂ (ಗರಸು) ಪದರವೇ ಕುಸಿಯಿತು. ಆ ಪಿಚ್ಚನ್ನು ಆ ಹಂಗಾಮಿಗೆ ಕೈಬಿಟ್ಟೆವು. ಸಿಮೆಂಟಿನ ಮಾತು ಮತ್ತೆ ಎದ್ದದ್ದು ಆಗಲೇ, ಈ ಬಾರಿ ಅಂದಾಜು ಪಟ್ಟಿಯ ಸಮೇತ.

ಆ ಎಳ್ಳ ಅಮಾವಾಸ್ಯೆಗೆ ಬಾವನ ಹೊಲಕ್ಕೆ ಹೋಗಿದ್ದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು, ಬಿಳಿ ಜೋಳದ ನಡುವೆ ಅಡ್ಡಾಡುವಾಗ ನನ್ನ ಕಣ್ಣು ಮಾತ್ರ ನೆಲದ ಮೇಲೇ. ಬದುವಿನ ಅಂಚಿನಲ್ಲಿ ಕೈ ತೂರುವಷ್ಟು ಬಿರುಕು. ಎಡೆ ಹೊಡೆದ, ಅಂದರೆ ಕುಂಟೆಯಿಂದ ಮೇಲ್ಮಣ್ಣು ಕೆದಕಿದ, ಸಾಲುಗಳಲ್ಲಿ ಮೇಲೆ ಪುಡಿ ಮಣ್ಣಿನ ಹೊದಿಕೆ, ಕೆರೆದು ನೋಡಿದರೆ ಒಳಗೆ ಇನ್ನೂ ತಂಪು. ಬಾವ ಬಿರುಕನ್ನು ತುಂಬಿರಲಿಲ್ಲ, ಬಾಯನ್ನಷ್ಟೇ ಮುಚ್ಚಿದ್ದ. ಒಳಗಿನ ತೇವ ಉಳಿದರೆ ಬಿರುಕು ಬೆಳೆಯುವುದಿಲ್ಲ. ಇಷ್ಟು ವರ್ಷ ನಾನು ಮಾಡಿದ್ದು ತಲೆಕೆಳಗು: ಒಳಗನ್ನು ಒಣಗಲು ಬಿಟ್ಟು ಹೊರಗನ್ನು ತುಂಬುತ್ತಿದ್ದೆ.

ಈಗ ನಾನು ಮಾಡುವ ರೀತಿ ಹೀಗಿದೆ. ಅಕ್ಟೋಬರ್ ಕೊನೆಗೆ ಮಳೆ ನಿಂತ ಮೇಲೆ ಪಿಚ್ಚನ್ನು ಮುಟ್ಟುವುದೇ ಇಲ್ಲ. ಹುಲ್ಲು ಹತ್ತು ಮಿಲಿಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ, ರೋಲರ್ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಹನ್ನೆರಡು, ಹದಿನೈದು ದಿನ ಬಿರುಕು ಬೇಕಾದಷ್ಟು ಬಿಡಲಿ ಎಂದು ಕೈಕಟ್ಟಿ ಕೂರುತ್ತೇನೆ. ಎಲ್ಲಕ್ಕಿಂತ ಕಷ್ಟದ ಭಾಗ ಇದೇ, ಯಾಕೆಂದರೆ ಬಂದವರೆಲ್ಲ ನಾನು ಸಂಬಳ ತೆಗೆದುಕೊಂಡು ಮಲಗಿದ್ದೇನೆ ಎಂದುಕೊಳ್ಳುತ್ತಾರೆ. ಹೈದರಾಬಾದಿನಿಂದ ಬಂದಿದ್ದ, ಪಿಚ್ ತಯಾರಿಸುವ ಒಬ್ಬ ಕ್ಯುರೇಟರ್, "ಬಿರುಕು ಬಿಡುವುದನ್ನು ನೋಡುತ್ತಾ ಕೂರುವ ಮೊದಲನೆಯ ಮನುಷ್ಯ ನೀವು" ಎಂದು ನಕ್ಕರು. ನಗಲಿ. ಒಳಗೆ ತೇವ ಉಳಿಯಬೇಕಾದರೆ ಮೊದಲು ನೀರು ಒಳಗೆ ಇಳಿಯಬೇಕು, ಅದಕ್ಕೆ ಬಿರುಕೇ ನನ್ನ ಕಾಲುವೆ. ಮುಚ್ಚಿದ ಎರೆ ಮಣ್ಣಿನ ಮೇಲೆ ಎಷ್ಟು ನೀರು ಸುರಿದರೂ ಒಂದು ಇಂಚಿಗಿಂತ ಕೆಳಗೆ ಬೇಗ ಇಳಿಯುವುದಿಲ್ಲ. ಬಿರುಕಿನ ಮೂಲಕ ಅರ್ಧ ಅಡಿ ಇಳಿಯುತ್ತದೆ.

ಆಮೇಲೆ ನೀರು. ಪೈಪಿನಿಂದ ಹರಿಯಬಿಡುವುದಿಲ್ಲ. ಒದ್ದೆ ಗೋಣಿ ಚೀಲ ಹಾಸಿ, ಸಂಜೆ ನಾಲ್ಕರ ನಂತರ ಗಿಡಕ್ಕೆ ಹಾಕುವ ಝಾರಿಯಿಂದ ಚೀಲದ ಮೇಲೆ ಚಿಮುಕಿಸುತ್ತೇನೆ. ಮೂರು ದಿನ, ಕೆಲವೊಮ್ಮೆ ನಾಲ್ಕು. ಒಂದು ಪಿಚ್ಚಿಗೆ ಒಟ್ಟು ಎರಡೂವರೆಯಿಂದ ಮೂರು ಸಾವಿರ ಲೀಟರ್ ಹಿಡಿಯುತ್ತದೆ. ಉದ್ದನೆಯ ಚೂರಿ ತಡೆಯಿಲ್ಲದೆ ನಾಲ್ಕು ಇಂಚು ಇಳಿದರೆ ಸಾಕು. ಈ ನೀರಿಗೆ ಒಂದು ವಸ್ತುವನ್ನು ಬೆರೆಸುತ್ತೇನೆ. ಕಿರಾಣಿ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುತ್ತದೆ. ಹೆಸರು ಕೇಳಬೇಡಿ.

ನಾಲ್ಕನೆಯ ದಿನಕ್ಕೆ ಬಿರುಕುಗಳು ತಾವಾಗಿಯೇ ಮುಕ್ಕಾಲು ಪಾಲು ಮುಚ್ಚಿರುತ್ತವೆ. ಉಳಿದ ಬೆಂಕಿಕಡ್ಡಿ ದಪ್ಪದ ಗೆರೆಗಳಿಗಷ್ಟೇ ಜರಡಿ ಹಿಡಿದ ಪುಡಿ ಮಣ್ಣನ್ನು ಪೊರಕೆಯಿಂದ ಗುಡಿಸಿ ತುಂಬುತ್ತೇನೆ. ಜಡಿಯುವುದಿಲ್ಲ, ಮೇಲಿನ ಕಾಲು ಇಂಚನ್ನು ಖಾಲಿ ಬಿಡುತ್ತೇನೆ. ಮಣ್ಣು ಪಿಚ್ ಹಾಕಿದಾಗಿನದೇ ಆಗಬೇಕು. ಆಗ ಮಣ್ಣು ತಂದಿದ್ದ ಜೇವರ್ಗಿ ರಸ್ತೆಯ ಹೊಲದಿಂದಲೇ ಈಗ ಇಪ್ಪತ್ತು ಚೀಲ ತಂದು ಶೆಡ್ಡಿನಲ್ಲಿ ಇಟ್ಟಿದ್ದೇನೆ. ಆ ಪುಡಿಯಲ್ಲಿ ಕಾಲು ಪಾಲು ಬೇರೆಯದೇ ಒಂದು ಇದೆ. ಅದು ಮರಳಲ್ಲ ಎಂದಷ್ಟು ಹೇಳುತ್ತೇನೆ. ಮರಳು ಹಾಕಿದವರ ಪಿಚ್ ಫೆಬ್ರುವರಿಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ರೋಲಿಂಗ್ ವಿಷಯದಲ್ಲಿ ನನ್ನ ಹದ ಜೋಳದ ರೊಟ್ಟಿಯದು. ಚಿಟಿಕೆ ಮಣ್ಣು ತೆಗೆದು ಉಂಡೆ ಮಾಡಿ ಬೆರಳಿನಿಂದ ತಟ್ಟುತ್ತೇನೆ. ಬೆರಳಿಗೆ ಅಂಟಿದರೆ ಇನ್ನೂ ಹಸಿ, ಅಂಚು ಪೂರ್ತಿ ಒಡೆದರೆ ತಡವಾಯಿತು. ಅಂಚು ತುಸುವೇ ಬಿರಿಯಬೇಕು. ಮೊದಲ ಎರಡು ದಿನ ಚಿಕ್ಕ ರೋಲರ್, ಆಮೇಲೆ ದೊಡ್ಡದು. ವೇಗ ಶರಣಬಸವೇಶ್ವರರ ತೇರಿನದು. ಹುಡುಗರಿಗೆ ಇದು ಹಿಡಿಸುವುದಿಲ್ಲ, ಓಡಿಸಲು ನೋಡುತ್ತಾರೆ. ಐದು ದಿನಗಳಲ್ಲಿ ಒಟ್ಟು ಏಳೆಂಟು ಗಂಟೆ. ಬೆಳಿಗ್ಗೆ ಇಬ್ಬನಿ ಇರುವಾಗ ಮುಟ್ಟಲೇಬಾರದು, ಡ್ರಮ್ಮಿಗೆ ಮಣ್ಣು ಅಂಟಿಕೊಂಡು ಮೇಲ್ಪದರವೇ ಎದ್ದುಬರುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಪೂರ್ವಕ್ಕೆ ಎರಡು ದೊಡ್ಡ ಬೇವಿನ ಮರಗಳು. ಡಿಸೆಂಬರಿನಲ್ಲಿ ದಕ್ಷಿಣದ ತುದಿಗೆ ಒಂಬತ್ತೂವರೆ ತನಕ ಬಿಸಿಲು ಬೀಳುವುದಿಲ್ಲ. ಒಂದು ತುದಿ ರೊಟ್ಟಿಯ ಹದ, ಇನ್ನೊಂದು ತುದಿ ಅಂಬಲಿ. ಹೀಗಾಗಿ ಉತ್ತರದ ಅರ್ಧವನ್ನು ಹತ್ತಕ್ಕೆ, ದಕ್ಷಿಣದ್ದನ್ನು ಹನ್ನೊಂದೂವರೆಗೆ ಉರುಳಿಸುತ್ತೇನೆ. ಮರ ಕಡಿಸಿ ಎಂದವರಿದ್ದಾರೆ. ಮೇ ತಿಂಗಳಲ್ಲಿ ಅವರೇ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಗೋಣಿ ಚೀಲಕ್ಕೆ ಬರುವ ಮುಂಚೆ ಒಂದು ವರ್ಷ ತೊಗರಿ ಹೊಟ್ಟನ್ನು ಹೊದಿಸಿದ್ದೆ. ರಾಶಿಯ ಕಾಲ, ಸುತ್ತಲೂ ಸಿಗುತ್ತದೆ, ತೇವ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ದನ, ಆಡುಗಳಿಗೆ ಹಬ್ಬದೂಟ ಎಂಬುದನ್ನು ನಾನು ಹೇಗೆ ಮರೆತೆನೋ! ಒಂದೇ ರಾತ್ರಿಯಲ್ಲಿ ಹೊಟ್ಟು ಖಾಲಿ, ಹಸಿ ಪಿಚ್ ತುಂಬ ಗೊರಸಿನ ಗುರುತು. ಈಗ ದಾಲ್ ಮಿಲ್ಲಿನ ಹಳೆಯ ಚೀಲಗಳನ್ನು ಹದಿನೈದು, ಇಪ್ಪತ್ತು ರೂಪಾಯಿಗೊಂದರಂತೆ ತರುತ್ತೇನೆ. ಮೊದಲು ಚೆನ್ನಾಗಿ ಕೊಡವಬೇಕು, ಹೊಲಿಗೆಯಲ್ಲಿ ಬೇಳೆ ಉಳಿದರೆ ಇಲಿ ಬರುತ್ತವೆ. ಕಪ್ಪು ಪ್ಲಾಸ್ಟಿಕ್ ಹಾಳೆಯನ್ನೂ ಪ್ರಯತ್ನಿಸಿದ್ದೆ. ರಾತ್ರಿಯೂ ಬೆಚ್ಚಗಿದ್ದು ಗರಿಕೆ ಹಸಿರಾಗಿಯೇ ಇತ್ತು, ಆದರೆ ಐದನೆಯ ದಿನ ಬೂಷ್ಟು ಹಿಡಿದು ಕೊಳೆತ ವಾಸನೆ ಬಂತು. ಎರಡು ರಾತ್ರಿಗಿಂತ ಹೆಚ್ಚು ಹೊದಿಸಬೇಡಿ.

ಇನ್ನೆರಡು ಹುಚ್ಚು ಪ್ರಯೋಗಗಳಿವೆ. ಬೆಳಗಿನ ಚಳಿಯಲ್ಲಿ ಬೋರಿನ ನೀರು ಬೆಚ್ಚಗಿರುತ್ತದಲ್ಲ, ಅದನ್ನು ನೇರವಾಗಿ ಒಂದು ಅರ್ಧಕ್ಕೂ, ತೊಟ್ಟಿಯಲ್ಲಿ ರಾತ್ರಿಯಿಡೀ ನಿಂತ ತಣ್ಣೀರನ್ನು ಇನ್ನೊಂದು ಅರ್ಧಕ್ಕೂ ಹಾಕಿ ಹದಿನೈದು ದಿನ ನೋಡಿದೆ. ಬೆಚ್ಚನೆಯ ಕಡೆ ಹುಲ್ಲು ಬೇಗ ಚಿಗುರಿತು ಎಂದು ನನಗನ್ನಿಸಿತು. ಮಗಳು ಅಳತೆಪಟ್ಟಿ ತಂದು ಅಳೆದು, "ಅಪ್ಪಾ, ಎರಡೂ ಒಂದೇ" ಎಂದಳು. ಇನ್ನೊಂದು, ಕ್ರೀಸ್ ಗೆರೆಗೆ ಸುಣ್ಣದ ಬದಲು ಶಹಾಬಾದ್ ಕಲ್ಲು ಪಾಲಿಶ್ ಮಾಡುವಾಗ ಬರುವ ಪುಡಿ. ಪುಕ್ಕಟೆ ಸಿಗುತ್ತದೆ. ಬೂದು ಬಣ್ಣದ ಆ ಗೆರೆ ನನಗೆ ಕಾಣುತ್ತಿತ್ತು, ಅಂಪೈರಿಗೆ ಕಾಣಲಿಲ್ಲ. ಒಂದು ರನ್ ಔಟಿನ ವಿಷಯದಲ್ಲಿ ಹೊಡೆದಾಟವಾಗುವುದೊಂದು ಬಾಕಿ ಇತ್ತು.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲ ಮೂರು ಚಳಿಗಾಲಗಳಲ್ಲಿ ಮಣ್ಣು, ಕೂಲಿ, ರಸ್ತೆಯ ರೋಲರ್, ಟ್ಯಾಂಕರ್ ಎಲ್ಲ ಸೇರಿ ನಲವತ್ತೈದು ಸಾವಿರದ ಮೇಲೆ ಹೋಗಿದೆ. ಅದರಲ್ಲಿ ನಾಲ್ಕು ಸಾವಿರ ನನ್ನ ಜೇಬಿನದು, ಇನ್ನೂ ಬಂದಿಲ್ಲ. ಈಗಿನ ರೀತಿಗೆ ಒಂದು ಪಿಚ್ಚಿಗೆ ಐದೂವರೆ, ಆರು ಸಾವಿರ: ನೂರು ಚೀಲ, ರೋಲರ್ ಎಳೆಯುವ ನಾಲ್ವರ ಕೂಲಿ, ಬೋರ್ ಕೈಕೊಟ್ಟರೆ ಒಂದು ಟ್ಯಾಂಕರ್. ಚೀಲಗಳು ಎರಡು ವರ್ಷ ಬರುತ್ತವೆ. ಸಿಮೆಂಟ್ ಮತ್ತು ಮ್ಯಾಟಿನ ಅಂದಾಜು ಪಟ್ಟಿಯಲ್ಲಿ ಎಷ್ಟಿತ್ತೆಂದು ಸಾಹೇಬರನ್ನೇ ಕೇಳಿ. ನಾನು ಹೇಳಿದರೆ ಚಾಡಿಯಾಗುತ್ತದೆ.

ಕುಂದುಗಳೂ ಇವೆ. ಮೊದಲ ಎರಡು ದಿನ ಪಿಚ್ ನಿಧಾನ, ವೇಗದ ಬೌಲರುಗಳು ಮುಖ ಸಿಂಡರಿಸುತ್ತಾರೆ. ಜೇಕು ಕಳೆ ಈ ತೇವಕ್ಕೆ ಹಿಗ್ಗಿ ಬರುತ್ತದೆ. ಗಡ್ಡೆ ಸಮೇತ ಕೈಯಲ್ಲೇ ಕೀಳಬೇಕು, ಬೇರೆ ದಾರಿ ನನಗೆ ಸಿಕ್ಕಿಲ್ಲ. ಇನ್ನು ನವೆಂಬರ್ ಮೊದಲ ವಾರಕ್ಕೇ ಪಂದ್ಯ ಇಟ್ಟುಕೊಂಡರೆ ಈ ಲೆಕ್ಕವೆಲ್ಲ ಕೆಡುತ್ತದೆ. ಬಿರಿಯಲು ಹದಿನೈದು ದಿನ, ಮುಚ್ಚಲು ಹತ್ತು ದಿನ ಕೊಡದೆ ನನ್ನ ಬಳಿ ಬರಬೇಡಿ.

ಈ ವರ್ಷ ಉಳಿದೆರಡು ಪಿಚ್‌ಗಳಿಗೂ ಇದನ್ನೇ ಮಾಡಿ ಎಂದು ಸಾಹೇಬರೇ ಹೇಳಿದ್ದಾರೆ. ಆಗಲಿ ಎಂದಿದ್ದೇನೆ. ಅದಕ್ಕೆ ಮೊದಲು ದೊಡ್ಡ ರೋಲರಿನ ಬೇರಿಂಗ್ ಬದಲಾಯಿಸಿ ಕೊಡಿ, ಆ ನಾಲ್ಕು ಸಾವಿರವನ್ನೂ ಕೊಡಿ ಎಂದು ಚೀಟಿ ಬರೆದು ಕೊಟ್ಟು ಮೂರು ವಾರವಾಯಿತು.