ಸೊಪ್ಪಿನವರು, ಕೊಳ್ಳುವವರು, ಕೇಳುವವರು

2020ರ ಲಾಕ್‌ಡೌನ್‌ನಲ್ಲಿ ನನ್ನ ಮಾತಾಡುವ ಕನ್ನಡದ ಕ್ಲಾಸು ಜೂಮ್‌ಗೆ ಬಂತು. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹೊರ ರಾಜ್ಯದವರು, ಹದಿನೈದು ಜನ. ಮಾತು ಕಲಿಯಲು ಬಂದವರು ಒಂದು ಗಂಟೆ ನನ್ನ ಮಾತನ್ನೇ ಕೇಳಿಕೊಂಡು ಕೂತರೆ ಏನು ಬಂತು? ಅದಕ್ಕೇ ಬ್ರೇಕ್‌ಔಟ್ ರೂಮ್ ಶುರು ಮಾಡಿದೆ, ಅಂದರೆ ಒಂದೇ ಮೀಟಿಂಗಿನೊಳಗೆ ಎಲ್ಲರನ್ನೂ ಸಣ್ಣ ಸಣ್ಣ ಗುಂಪು ಮಾಡಿ ಬೇರೆ ಬೇರೆ ರೂಮಿಗೆ ಕಳಿಸುವುದು.

ಮೊದಲ ದಿನ ಪೂರ್ತಿ ಎಡವಟ್ಟು. ತರಕಾರಿ ಅಂಗಡಿಯ ಮಾತುಕತೆಯನ್ನು ಸ್ಕ್ರೀನ್ ಮೇಲೆ ತೋರಿಸಿ, ‘ಇದನ್ನೇ ಮಾತಾಡಿ’ ಎಂದು ಎಲ್ಲರನ್ನೂ ರೂಮುಗಳಿಗೆ ಕಳಿಸಿದೆ. ಅಲ್ಲಿಗೆ ಹೋದ ಮೇಲೆ ಅವರಿಗೆ ನನ್ನ ಸ್ಕ್ರೀನೇ ಕಾಣಲಿಲ್ಲ. ಮೇನ್ ರೂಮಿನ ಚಾಟ್‌ನಲ್ಲಿ ಬರೆದೆ, ಅದೂ ಅವರಿಗೆ ತಲುಪಲಿಲ್ಲ. ಒಂದು ರೂಮಿಗೆ ಇಣುಕಿದರೆ ಇಂಗ್ಲಿಷಿನಲ್ಲಿ ಆಫೀಸಿನ ಮಾತು. ಇನ್ನೊಂದರಲ್ಲಿ ಎಲ್ಲರೂ ಸುಮ್ನೆ ಕೂತಿದ್ದರು.

ಈಗ ಕ್ಲಾಸಿಗೆ ಮೊದಲೇ ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಬೇರೆ ಬೇರೆ ಚೀಟಿ ಕಳಿಸುತ್ತೇನೆ. ಪೂರ್ತಿ ಸಂಭಾಷಣೆ ಬರೆದುಕೊಟ್ಟರೆ ಓದಿ ಮುಗಿಸುತ್ತಾರೆ, ಅಷ್ಟೇ. ಹಾಗಾಗಿ ಒಬ್ಬರಿಗೆ: ‘ನೀವು ಸೊಪ್ಪಿನವರು. ಒಂದು ಕಟ್ಟಿಗೆ 20 ರೂಪಾಯಿ. 15ಕ್ಕಿಂತ ಇಳಿಯಬೇಡಿ.’ ಇನ್ನೊಬ್ಬರಿಗೆ: ‘ಕೈಯಲ್ಲಿರುವುದು 50 ರೂಪಾಯಿ. ನಾಲ್ಕು ಕಟ್ಟು ಬೇಕು.’ ಲೆಕ್ಕ ಕೂಡುವುದಿಲ್ಲ, ಅಲ್ವಾ? ಬೇಕೆಂದೇ ಹಾಗೆ ಬರೆಯುತ್ತೇನೆ. ಒಬ್ಬರ ಚೀಟಿಯಲ್ಲಿ ಏನಿದೆಯೆಂದು ಇನ್ನೊಬ್ಬರಿಗೆ ಗೊತ್ತಿಲ್ಲದ್ದರಿಂದ ಬಾಯಿ ಬಿಡಲೇಬೇಕು.

ಮೂರನೆಯವರು ಕೇಳುವವರು. ಉಳಿದಿಬ್ಬರ ಮಾತಿನಲ್ಲಿ ಬಂದ ತಪ್ಪನ್ನು ಬರೆದುಕೊಳ್ಳುವುದು ಅವರ ಕೆಲಸ. ‘ನಾನು ಸೊಪ್ಪು ಬೇಕು’ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ‘ಎರಡು ಮಕ್ಕಳು’ ಕೂಡ. ವಾಪಸ್ ಬಂದ ಮೇಲೆ ಯಾರ ತಪ್ಪು ಎಂದು ಹೇಳದೆ ‘ನನಗೆ ಬೇಕು’, ‘ಇಬ್ಬರು ಮಕ್ಕಳು’ ಎಂದು ತಿದ್ದುತ್ತೇವೆ. ಯಾರು ಜಾಸ್ತಿ ಇಂಗ್ಲಿಷ್ ಬೆರೆಸಿದರೋ, ರೂಮಿನ ವರದಿ ಅವರೇ ಒಪ್ಪಿಸಬೇಕು.

ರೂಮಿಗೆ ಮೂವರೇ ಸರಿ. ಇಬ್ಬರಿದ್ದರೆ, ಒಬ್ಬರ ನೆಟ್‌ವರ್ಕ್ ಹೋದಾಗ ಇನ್ನೊಬ್ಬರು ಗೋಡೆ ನೋಡಿಕೊಂಡು ಕೂರಬೇಕು. ನಾಲ್ವರಾದರೆ ಒಬ್ಬರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಹೆಸರಿನ ಮುಂದೆ ಗುಂಪಿನ ಸಂಖ್ಯೆ ಹಾಕಿಕೊಳ್ಳಲು ಹೇಳುತ್ತೇನೆ. ಕೆಲವರು ಫೋನಿನ ಮಾಡೆಲ್ ಹೆಸರಲ್ಲೇ ಬಂದು ಕೂರುತ್ತಾರೆ, ಅವರನ್ನು ಯಾವ ರೂಮಿಗೆ ಹಾಕೋದು? ಸಮಯ ಏಳು ನಿಮಿಷ. ಮೊದಲ ನಿಮಿಷ ಹೇಗೂ ‘ಕೇಳಿಸ್ತಿದೆಯಾ’ಗೆ ಹೋಗುತ್ತದೆ. ಫ್ರೀ ಅಕೌಂಟಾದರೆ 40 ನಿಮಿಷಕ್ಕೆ ಮೀಟಿಂಗೇ ಮುಗಿಯುತ್ತದೆ, ಅದಕ್ಕೇ ರೂಮಿನ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದಿಲ್ಲ.

ಮೊದಲೆಲ್ಲ ರೂಮಿಂದ ರೂಮಿಗೆ ಓಡಾಡುತ್ತಿದ್ದೆ. ನಾನು ಕಾಲಿಟ್ಟ ಕೂಡಲೇ ಮಾತು ನಿಂತು, ‘ಮೇಡಂ, ಇದು ಸರೀನಾ?’ ಶುರುವಾಗುತ್ತಿತ್ತು. ಈಗ ಕ್ಯಾಮೆರಾ, ಮೈಕು ಎರಡೂ ಆಫ್ ಮಾಡಿ ಒಂದೋ ಎರಡೋ ರೂಮಿಗೆ ಮಾತ್ರ ಹೋಗುತ್ತೇನೆ. ಉಳಿದ ಹೊತ್ತು ಮೇನ್ ರೂಮಿನಲ್ಲೇ ಇರುತ್ತೇನೆ, ತಡವಾಗಿ ಬಂದವರನ್ನು ಸೇರಿಸಲು ಯಾರಾದರೂ ಬೇಕಲ್ಲ.

ಹೋದ ವಾರ ರೂಮು ಮುಚ್ಚುವ ಹೊತ್ತಿಗೆ ಒಂದು ಗುಂಪು ಸಹಾಯದ ಬಟನ್ ಒತ್ತಿತು. ನೆಟ್‌ವರ್ಕ್ ಹೋಯಿತೇನೋ ಎಂದು ಹೋದರೆ ಕೊಳ್ಳುವವರದು ದೂರು: “ಮೇಡಂ, ಮೂರು ಕಟ್ಟು ತಗೊಂಡೆ. ನನಗೆ ಸ್ವಲ್ಪ ಕೊತ್ತಂಬರಿ ಫ್ರೀ ಬೇಕು. ಕೊಡಲ್ಲ ಅಂತಾರೆ.” ಅದಕ್ಕೆ ‘ಕೊಸರು’ ಅಂತಾರೆ ಎಂದು ಹೇಳಿಕೊಟ್ಟೆ. ಎರಡು ನಿಮಿಷ ಜಾಸ್ತಿಯೂ ಕೊಟ್ಟೆ.